ತಾಯಿಯ ಪಾತ್ರ

15 ಜೂನ್ 2025, ಭಾನುವಾರ. ಹೂಡಿ.

ಇವತ್ತು ಆ ಮಾತನ್ನು ನಾನು ಆಡಬಾರದಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಓದುಗರ ಬಳಗದಲ್ಲಿ ಈ ತಿಂಗಳ ಥ್ರಿಲ್ಲರ್ ಕಾದಂಬರಿಯ ಬಗ್ಗೆ ಮಾತಾಡುವ ಸರದಿ ನನ್ನದಾಗಿತ್ತು. ಗಂಡ ಒಂದೇಟೂ ಹೊಡೆಯದೆ, ಬರೀ ಪ್ರಶ್ನೆ ಕೇಳಿಯೇ ಹೆಂಡತಿಯನ್ನು ಹೆದರಿಸುವ ರೀತಿ ಮೈ ನಡುಗಿಸುತ್ತದೆ, ಅದೇ ಪುಸ್ತಕದ ಶಕ್ತಿ ಎಂದೆ. ತಾಯಿಯ ಪಾತ್ರ ಮಾತ್ರ ಸುಳ್ಳು ಎಂದೆ. ಮಗಳು ಅಳುತ್ತಾ ಬಂದರೆ ಯಾವ ತಾಯಿ ವಾಪಸ್ ಕಳಿಸುತ್ತಾಳೆ? ಕಥೆ ಮುಂದೆ ಸಾಗಲೆಂದು ಲೇಖಕಿ ಹೂಡಿದ ಉಪಾಯ ಅದು. ಎಲ್ಲರೂ ತಲೆದೂಗಿದರು.

ನಾಗಸಂದ್ರದ ಗಂಡನ ಮನೆಯಿಂದ ಬಂದಿದ್ದ ಮಗಳು ವಚನಾ ಹಿಂದಿನ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ಲಿಫ್ಟಿನಲ್ಲಿ ಮೆಲ್ಲಗೆ ಹೇಳಿದಳು, "ಅಮ್ಮ, ಆ ಪುಸ್ತಕದಲ್ಲಿ ಅದೊಂದೇ ನಿಜ. ಯುಗಾದಿಗೆ ನಾನು ಬಂದಾಗ ನೀನು ಏನಂದೆ, ನೆನಪಿದ್ಯಾ?"

ನೆನಪಿತ್ತು. "ಅಳಿಯಂದ್ರು ಹೊಡೀತಾರೇನೇ? ಇಲ್ವಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಎಂದಿದ್ದೆ. ಮರುದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಾನೇ ಅವಳನ್ನು ಗಂಡನ ಮನೆಗೆ ಬಿಟ್ಟು ಬಂದಿದ್ದೆ.

"ಇಲ್ಲೇ ಇದ್ದುಬಿಡೇ" ಎಂದೆ.

"ಬೇಡಮ್ಮ. ಏಳಕ್ಕೆ ಮನೇಲಿರ್ಬೇಕು" ಎಂದು ಮೆಟ್ರೊ ಹತ್ತಿದಳು.

ಮನೆ ಮುಟ್ಟಿದಳೇ ಎಂದು ಕೇಳಲು ಅವಳಿಗೆ ಫೋನ್ ಮಾಡಿದೆ. ಎತ್ತಿದ್ದು ಅಳಿಯ ಈರೇಶ್. "ಅವಳು ಈಗ ಮಾತಾಡಲ್ಲ ಅತ್ತೆ. ಇಷ್ಟೊತ್ತು ಅಲ್ಲಿ ಏನ್ ಹೇಳ್ತಿದ್ಳು?" ಎಂದ.

ನಾಳೆ ಬೆಳಗ್ಗೆ ಮೊದಲ ಮೆಟ್ರೊಗೆ ಅವಳ ಮನೆಗೆ ಹೋಗುತ್ತೇನೆ. ಬಾ ಎಂದರೆ ನನ್ನನ್ನು ನಂಬಿ ಬರುತ್ತಾಳೆಯೇ?