ಕರೆಯದೆ ಬಂದವನು

ಡಿಸೆಂಬರ್ ೨೭, ಮಂಗಳವಾರ

ಬೆಳಿಗ್ಗೆ ಮೈನಸ್ ಒಂಬತ್ತು. ಮಂಡಿನೋವು ಎಂದಿನಂತೆ. ನಮ್ಮ ಹಳೇ ಪಂಚಾಂಗದ ಕ್ರಿಸ್‌ಮಸ್ ಜನವರಿ ಏಳಕ್ಕೆ, ಅಲ್ಲಿಯವರೆಗೂ ಮಾಂಸವಿಲ್ಲ, ಆದ್ದರಿಂದ ಮತ್ತೆ ಬೀನ್ಸ್ ಕಾಳು. ಹೊಟ್ಟೆ ಉಬ್ಬರ.

ಮಂಗಳವಾರ, ಹಳೇ ಮೋಟಾರ್‌ಸೈಕಲ್ ಗಾಡಿ ಸ್ಟಾರ್ಟ್ ಮಾಡುವ ದಿನ. ಐದು ನಿಮಿಷ ಓಡಲು ಬಿಟ್ಟೆ. ಎಡಗಡೆ ಸಿಲಿಂಡರ್ ತಡವಾಗಿ ಎದ್ದಿತು, ಎರಡು ಸಲ ಕೆಮ್ಮಿತು, ಆಮೇಲೆ ಸರಿಹೋಯಿತು. ಸೈಡ್‌ಕಾರಿನಲ್ಲಿ ಮಲಗಿದ್ದ ಬೆಕ್ಕು ಹಾರಿ ಓಡಿತು. ಯಾಗೋದಾ ಅಡುಗೆಮನೆ ಕಿಟಕಿಯಿಂದ ಕೂಗಿದಳು: "ಹೆಂಡತಿಗೆ ಮಾಡೋ ಉಪಚಾರವೆಲ್ಲ ಆ ತಗಡಿಗೇ ಆಯ್ತು! ಅದನ್ನೇ ಕಟ್ಕೋಬೇಕಿತ್ತು ನೀನು, ಓಬ್ರಾದ್."

"ಅದು ಇಷ್ಟು ಮಾತಾಡಲ್ಲ."

ಮದುವೆಯಾಗಿ ನಲವತ್ತೊಂದು ವರ್ಷ, ಇನ್ನೂ ಇದೇ ಮಾತು.

ಸ್ಲಾವಕ್ಕೆ ಹದಿಮೂರು ದಿನ. ಜನವರಿ ಒಂಬತ್ತು, ಸಂತ ಸ್ತೆವಾನನ ದಿನ, ಘಾಟಿಯ ಆಚೆ ಕ್ರಿವಾದಲ್ಲಿ ಸಾವೋ ಮನೆದೇವರ ಹಬ್ಬ. ಇಷ್ಟು ವರ್ಷದಲ್ಲಿ ಒಂದೂ ತಪ್ಪಿಸಿಲ್ಲ. ಈ ಸಲ... ಗೊತ್ತಿಲ್ಲ.

ಡಿಸೆಂಬರ್ ೨೯

ರಾತ್ರಿ ಕಣ್ಣು ಮುಚ್ಚಲಿಲ್ಲ. ಬರೆದರೆ ಹಗುರವಾದೀತು ಎಂದು ಕೂತಿದ್ದೇನೆ.

ಸಾವೋ ನನ್ನ ಕುಮ. ಮದುವೆಯಲ್ಲಿ ಪಕ್ಕ ನಿಂತವನು, ಮಗಳ ದೀಕ್ಷಾಸ್ನಾನದಲ್ಲಿ ಅವಳನ್ನೆತ್ತಿಕೊಂಡು ಹೆಸರಿಟ್ಟವನು. ಒಡಹುಟ್ಟಿದವನ ಜೊತೆ ಜಗಳವಾಡಬಹುದು, ಕುಮನ ಜೊತೆ ಆಡಿದರೆ ಪಾಪ. ಇಪ್ಪತ್ತೇಳು ವರ್ಷ ವ್ರಾನಾ ಘಾಟಿಯಲ್ಲಿ ಹಿಮ ತೆಗೆದೆವು — ಅವನು ಆ ಕಡೆಯಿಂದ, ನಾನು ಈ ಕಡೆಯಿಂದ, ನೆತ್ತಿಯ ಗುಡಿಸಲಲ್ಲಿ ಭೇಟಿ. ರಿಟೈರ್ ಆದ ವರ್ಷ ತನ್ನ ಗಾಡಿಯ ಕೀ ತಂದು ನನ್ನ ಅಂಗೈಯಲ್ಲಿಟ್ಟ. "ಕಣ್ಣು ಮಂಜಾಗ್ತಿದೆ ಕುಮಾ. ಇನ್ಮೇಲೆ ಇದು ನಿಂದು. ತುಕ್ಕು ಹಿಡಿಸಬೇಡ." ಕಾಗದವಿಲ್ಲ, ಪತ್ರವಿಲ್ಲ. ಕುಮರ ನಡುವೆ ಎಂಥ ಕಾಗದ?

ಅಂಥವನು ಹೋದ ಮೇ ತಿಂಗಳು, ಸಂತೆಯ ದಿನ, ತುಂಬಿದ ಹೋಟೆಲಿನಲ್ಲಿ ಎದ್ದು ನಿಂತು ಬೆರಳು ತೋರಿಸಿದ. "ನನ್ನ ಗಾಡಿ ಕದ್ದ ಕಳ್ಳ ಇವನೇ." ತಮಾಷೆ ಅಂದುಕೊಂಡೆ. ಅವನ ಮುಖದಲ್ಲಿ ನಗುವಿರಲಿಲ್ಲ. ಇಡೀ ಕ್ರಿವಾ ಕೇಳಿತು. ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಅವತ್ತಿನಿಂದ ಇವತ್ತಿನವರೆಗೆ ಒಂದು ಮಾತಿಲ್ಲ.

ಸ್ಲಾವಕ್ಕೆ ಹೋಗದಿದ್ದರೆ ಕುಮತನ ಮುರಿದು ಬಿತ್ತು ಎಂದೇ ಅರ್ಥ. ಹೋದರೆ — ಮೇಜಿನ ತುಂಬ ಜನರಿರುವಾಗ ಮತ್ತೆ ಕಳ್ಳ ಅಂದರೆ? ಬರಲೇ ಎಂದು ಕೇಳುವ ಹಾಗಿಲ್ಲ. ಸ್ಲಾವಕ್ಕೆ ಯಾರೂ ಕೇಳಿಕೊಂಡು ಹೋಗುವುದಿಲ್ಲ, ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ. ಬರಬೇಕಾದವರು ಬರುತ್ತಾರೆ.

ಜನವರಿ ೨, ಸೋಮವಾರ

ಫೋನ್. ಸಾವೋ ಹೆಂಡತಿ ಸ್ತೋಯಾ.

"ಕುಮಾ, ಒಂಬತ್ತಕ್ಕೆ ಹಬ್ಬ. ಇಬ್ರೂ ಬನ್ನಿ."

ಕಿವಿಯನ್ನು ನಂಬಲಾಗಲಿಲ್ಲ. "ಕರೀತಿದ್ದೀಯಾ?"

"ಹೂಂ... ಕರೀತಿದ್ದೀನಿ."

ಫೋನ್ ಕುಕ್ಕಿದೆ.

ನನ್ನನ್ನು ಕರೆದಳು! ಇಷ್ಟು ವರ್ಷ ಸ್ವಂತ ಮನೆಗೆ ಹೋಗುವ ಹಾಗೆ ಹೋದವನನ್ನು! ಇವನು ತಾನಾಗಿ ಬರುವವನಲ್ಲ ಎಂದು ತೀರ್ಮಾನವಾದವನನ್ನು ಮಾತ್ರ ಕರೆಯುತ್ತಾರೆ. ಮೊದಲು ಕಳ್ಳ ಅಂದರು, ಈಗ ಪರಕೀಯ ಅಂದರು. ಗಾಯದ ಮೇಲೆ ಉಪ್ಪು.

ಜನವರಿ ೪

ಹೋಗುವುದಿಲ್ಲ. ಆಯಿತು, ಮುಗಿಯಿತು.

ಮಧ್ಯಾಹ್ನ ಯಾಗೋದಾ ಬಂದು ನಿಂತಳು. "ಹೋಗಲ್ಲ ಅಂದವನು ಶೂ ಪಾಲಿಶ್ ಯಾಕೆ ಮಾಡ್ತಿದ್ದೀಯ?"

"ಕ್ರಿಸ್‌ಮಸ್‌ಗೆ."

"ಸ್ಲಾವದ ಶೂ ಕ್ರಿಸ್‌ಮಸ್‌ಗಾ? ಸರಿ ಸರಿ. ನಿನ್ನ ಮೂಗಿನ ತುದಿಯ ಕೋಪಕ್ಕೂ ಸ್ವಲ್ಪ ಪಾಲಿಶ್ ಹಚ್ಚು."

ಇನ್ನೆರಡು ಸಲ ಬ್ರಷ್ ಎಳೆದೆ. ಶೂ ಮಾತ್ರ ಚೆನ್ನಾಗಿ ಹೊಳೆಯಿತು.

ಜನವರಿ ೬, ಕ್ರಿಸ್‌ಮಸ್ ಹಿಂದಿನ ದಿನ, ಸಂಜೆ ೫

ಬೆಳಿಗ್ಗೆಯಿಂದ ಹಿಮ. ಪದ್ಧತಿಯಂತೆ ಓಕ್ ಕೊಂಬೆ ಕಡಿದು ತಂದೆ, ಯಾಗೋದಾ ನೆಲಕ್ಕೆ ಹುಲ್ಲು ಹಾಸಿದಳು. ಅಷ್ಟರಲ್ಲಿ ಫೋನ್. ಅವಳೇ ಎತ್ತಿದಳು. ಬಹಳ ಹೊತ್ತು ಬರೀ ಕೇಳಿಸಿಕೊಂಡಳು, ಆಮೇಲೆ ಫೋನನ್ನು ನನ್ನ ಕಿವಿಗೆ ಒತ್ತಿದಳು. "ಕೇಳು. ಬಾಯಿ ಮುಚ್ಕೊಂಡು ಕೇಳು."

ಸ್ತೋಯಾ ಅಳುತ್ತಿದ್ದಳು.

"ಅವನಿಗೆ ನೆನಪು ನಿಲ್ತಿಲ್ಲ ಕುಮಾ. ಎರಡು ವರ್ಷ ಆಯ್ತು. ಯಾರಿಗೂ ಹೇಳಲಿಲ್ಲ, ಮುಚ್ಚಿಟ್ಟೆ. ನಾಚಿಕೆ. ನಿನ್ನನ್ನೊಬ್ಬನನ್ನೇ ಅಲ್ಲ, ಸಲಿಕೆ ಕದ್ದೆ ಅಂತ ಪಾದ್ರಿಗೇ ಅಂದ. ನವೆಂಬರಲ್ಲಿ ಚಪ್ಪಲಿಯಲ್ಲೇ ಘಾಟಿ ಹತ್ತಿಬಿಟ್ಟಿದ್ದ, ಗಾಡಿ ಹುಡುಕ್ಕೊಂಡು. ದಿನಾ ಗೇಟಲ್ಲಿ ನಿಂತು, ಓಬ್ರಾದ್ ಯಾಕೆ ಬಂದಿಲ್ಲ, ಓಬ್ರಾದ್ ಯಾಕೆ ಬಂದಿಲ್ಲ. ಈ ಮನೇಲಿ ಅವನು ಮೇಣದ ಬತ್ತಿ ಹಚ್ಚೋದು ಇದೇ ಕೊನೆ ಸಲ ಅಂತ ಕಾಣುತ್ತೆ. ಬರೋ ವರ್ಷ ಯಾವ ದೇವರು, ಯಾವ ಹಬ್ಬ ಅಂತ ಗೊತ್ತಿರುತ್ತೋ ಇಲ್ವೋ. ಕರೀಬಾರದು ಅಂತ ಗೊತ್ತು. ಆದ್ರೆ ನೀನು ಬರದೇ ಹೋದ್ರೆ ಅಂತ ಭಯ ಆಯ್ತು."

ಕರೆದಳಲ್ಲ, ಅದರಲ್ಲೇ ತಿಳಿಯಬೇಕಿತ್ತು. ಆ ಮನೆಯಲ್ಲಿ ಏನೋ ಮುರಿದುಬಿದ್ದಿದೆ ಎಂದು ಚಿಕ್ಕ ಮಗುವಿಗೂ ಹೊಳೆಯುತ್ತಿತ್ತು. ನನಗೆ ನನ್ನ ಮಾನವೇ ಕಂಡಿತು. ಕತ್ತೆ ನಾನು. ಎಂಟು ತಿಂಗಳು! ಬರುತ್ತೇನೆ ಅಂದೆ.

ಜನವರಿ ೮, ಭಾನುವಾರ

ಎರಡು ದಿನವೂ ಹಿಮ. ಬಸ್ ಹನ್ನೊಂದನೇ ತಾರೀಕಿನವರೆಗೆ ಇಲ್ಲ. ರಸ್ತೆ ಕಚೇರಿಗೆ ಫೋನ್ ಮಾಡಿದರೆ "ಘಾಟಿ ಮುಚ್ಚಿದೆ ಯಜಮಾನ್ರೇ, ಮನೇಲಿ ಬೆಚ್ಚಗಿರಿ" ಎಂದರು. ಘಾಟಿ ರಸ್ತೆ ಮುಚ್ಚುವ ಆ ಗೇಟನ್ನು ಇಪ್ಪತ್ತೇಳು ವರ್ಷ ಹಾಕಿದವನು ನಾನು. ಪಕ್ಕದಿಂದ ನುಸುಳುವವರಿಗೆ ಬೈದಷ್ಟು ನನ್ನ ಜನ್ಮದಲ್ಲಿ ಬೇರೆ ಯಾರಿಗೂ ಬೈದಿಲ್ಲ. ಬಳಸುದಾರಿ ಮುನ್ನೂರು ಕಿಲೋಮೀಟರ್, ಕಾರೂ ಇಲ್ಲ. ಇರುವುದು ಗಾಡಿ.

ಹಿಮದಲ್ಲಿ ಓಡಿಸಿ ಎಂಟು ವರ್ಷವಾಗಿದೆ. ಈಗ ನನಗೆ ಅರವತ್ತಾರು. ಭಯ. ಸುಳ್ಳು ಯಾಕೆ ಬರೆಯಲಿ, ಭಯ. ಆ ಕಡೆಯ ಒಂಬತ್ತನೇ ತಿರುವು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅಲ್ಲಿ ಹಾಲಿನ ವ್ಯಾನ್ ಉರುಳಿದಾಗ ಅಗೆದು ತೆಗೆದವರು ಸಾವೋ ಮತ್ತು ನಾನು. ಒಳಗಿದ್ದ ಇಬ್ಬರ ಮುಖವೂ ನೆನಪಿದೆ.

ಬೇಡ ಅಂತ ಯಾಗೋದಾ ಹೇಳಲಿ ಎಂದು ಬೆಳಿಗ್ಗೆಯಿಂದ ಕಾದೆ. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಕಾಫಿಪುಡಿ, ಕಿತ್ತಳೆ, ಒಂದು ಬಾಟಲಿ ಪ್ಲಮ್ ಸಾರಾಯಿ ಕಟ್ಟಿದಳು. ಖಾಲಿ ಸೈಡ್‌ಕಾರ್ ಬಲತಿರುವಿನಲ್ಲಿ ಮೇಲೆದ್ದುಬಿಡುತ್ತದೆ, ಭಾರ ಬೇಕು, ಆಲೂಗಡ್ಡೆ ಮೂಟೆ ಹಾಕುತ್ತೇನೆ ಅಂದೆ.

"ನಾನೇ ಕೂರ್ತೀನಿ. ನಿನ್ನ ಆಲೂಗಡ್ಡೆಗಿಂತ ನಾನೇ ಭಾರ."

"ಬೇಡ."

"ಯಾಕೆ, ಭಯಾನಾ?"

"ಆಲೂಗಡ್ಡೆ ಉರುಳಿದ್ರೆ ನಾನು ಅಳಲ್ಲ."

ಅವಳು ಒಳಗೆ ಹೋದಳು. ಆಮೇಲೆ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಿತು.

ಹಿಮದಲ್ಲಿ ಜಾರದಿರಲೆಂದು ಹಿಂದಿನ ಚಕ್ರಕ್ಕೆ ಹಗ್ಗ ಸುತ್ತಿ ಹನ್ನೆರಡು ಕಡೆ ಗಂಟು ಹಾಕಿದೆ. ಸಾವೋ ಕಲಿಸಿದ ವಿದ್ಯೆ.

ಜನವರಿ ೯, ಬೆಳಿಗ್ಗೆ ೬.೪೦

ಮೈನಸ್ ಹದಿನಾಲ್ಕು. ಚಳಿಗೆ ಗಟ್ಟಿಯಾದ ಎಂಜಿನ್ ಆಯಿಲ್ ಇಳಿಸಿ ಒಲೆಯ ಮೇಲೆ ಬಿಸಿಗಿಟ್ಟಿದ್ದೇನೆ. ಮನೆಯೆಲ್ಲ ವಾಸನೆ. ಸ್ಪಾರ್ಕ್ ಪ್ಲಗ್‌ಗಳು ಓವನ್‌ನಲ್ಲಿ, ಬ್ರೆಡ್ಡಿನ ಪಕ್ಕದಲ್ಲಿ. ಎದೆಗೆ ದಿನಪತ್ರಿಕೆ ಸುತ್ತಿಕೊಂಡೆ. ಮೂರು ಸಲ ಬಚ್ಚಲಿಗೆ ಹೋಗಿ ಬಂದೆ.

ಯಾಗೋದಾ ನನ್ನ ಮೇಲೆ ಶಿಲುಬೆಯ ಗುರುತು ಹಾಕಿದಳು, ಆಮೇಲೆ ಹೆಡ್‌ಲೈಟಿನ ಮೇಲೂ.

೧೦.೫೦, ನೆತ್ತಿಯ ಗುಡಿಸಲು

ಪೆನ್ಸಿಲ್. ಪೆನ್ನು ಹೆಪ್ಪುಗಟ್ಟಿದೆ. ಬೆರಳೂ.

ಗೇಟು ನಾನೇ ಎತ್ತಿದೆ, ನಾನೇ ಹಾಕಿದೆ. ಹನ್ನೊಂದು ತಿರುವು ಹತ್ತಿದೆ. ಏಳನೆಯದರಲ್ಲಿ ಹಿಂದಿನ ಚಕ್ರ ಜಾರಿತು — ಗಾಡಿ ಅಡ್ಡ ತಿರುಗಿ ಬೇಲಿಗೆ ಒಂದು ಗೇಣು ಉಳಿಸಿ ನಿಂತಿತು. ಕೆಳಗೆ ಏನೂ ಕಾಣುತ್ತಿರಲಿಲ್ಲ, ಬರೀ ಬಿಳಿ. ಇಳಿದು ರಸ್ತೆಯಲ್ಲೇ ಕುಳಿತೆ. ಯಾಗೋದಾ ಹೆಸರು ಗಟ್ಟಿಯಾಗಿ ಕೂಗಿದೆ, ಯಾಕೋ. ಹಗ್ಗದ ಎರಡು ಗಂಟು ಹರಿದಿವೆ.

ಈಗ ಇಳಿಜಾರು. ಹತ್ತುವಾಗ ಎಂಜಿನ್ ಸತ್ತರೆ ನಿಲ್ಲುತ್ತೇವೆ, ಇಳಿಯುವಾಗ ನಿಲ್ಲುವುದು ನಮ್ಮ ಕೈಯಲ್ಲಿಲ್ಲ. ವಾಪಸ್ ಹೋಗಲೇ? ಪ್ರಯತ್ನ ಪಟ್ಟೆ ಎಂದು ಹೇಳಬಹುದು. ಯಾರೂ ಬೈಯುವುದಿಲ್ಲ. ಅವನಿಗಂತೂ ನಾಳೆಗೆ ನೆನಪಿರುವುದಿಲ್ಲ.

ಗೋಡೆಯ ಹಲಗೆಯ ಮೇಲೆ ಸಾವೋ ಮೊಳೆಯಲ್ಲಿ ಕೆರೆದದ್ದು ಇನ್ನೂ ಇದೆ: ಇಳಿಯುವಾಗ ಮುಂದಿನ ಬ್ರೇಕ್ ಮುಟ್ಟಿದವನು ಕತ್ತೆ. ಕೆಳಗೆ ಬಾಣದ ಗುರುತು, ನನ್ನ ಹೆಸರು.

ಹೊರಟೆ. ಎರಡನೇ ಗೇರ್, ಮುಂದಿನ ಬ್ರೇಕ್ ಮುಟ್ಟುವುದಿಲ್ಲ. ದೇವರೇ, ಒಂಬತ್ತನೇ ತಿರುವು

ಸಂಜೆ ೪, ಕ್ರಿವಾ

ಬಂದೆ. ಬದುಕಿದ್ದೇನೆ. ಒಂಬತ್ತನೇ ತಿರುವು ಹೇಗೆ ದಾಟಿದೆ ಎಂದು ಕೇಳಿದರೆ ಹೇಳಲಾರೆ, ಕಣ್ಣು ಮುಚ್ಚಿಕೊಂಡಿದ್ದೆನೋ ಏನೋ. ಎಡಗಾಲಿನ ಬೆರಳಿಗೆ ಈಗ ಸ್ಪರ್ಶ ಬರುತ್ತಿದೆ, ಬೆಂಕಿ ಇಟ್ಟ ಹಾಗೆ ಉರಿ. ಒಳಗಿನ ಕೋಣೆಯಲ್ಲಿ ಕಾಲು ಚಾಚಿ ಬರೆಯುತ್ತಿದ್ದೇನೆ, ಆಚೆ ಜನ ಹಾಡುತ್ತಿದ್ದಾರೆ.

ಸ್ಲಾವದ ದಿನ ಮನೆಯ ಯಜಮಾನ ಕೂರುವಂತಿಲ್ಲ, ನಿಂತೇ ಬಡಿಸಬೇಕು. ಸಾವೋಗೆ ಅದೊಂದು ನೆನಪಿದೆ. ಬೆಳಿಗ್ಗೆಯಿಂದ ನಿಂತಿದ್ದನಂತೆ, ಮೇಜಿನ ಬಳಿಯಲ್ಲ, ಗೇಟಿನ ಬಳಿ. ಸ್ತೋಯಾ ಎರಡು ಸಲ ಕೋಟು ಹೊದಿಸಿದಳಂತೆ. ಮೊದಲು ಸದ್ದು ಕೇಳಿದ್ದು ಅವನೇ. "ಎಡಗಡೆ ಸಿಲಿಂಡರ್ ಕೆಮ್ತಿದೆ" ಅಂದನಂತೆ. "ಓಬ್ರಾದ್ ಬಂದ."

ಎಷ್ಟು ಸಣ್ಣಗಾಗಿದ್ದಾನೆ! ಅಂಗಿಯ ಕಾಲರಿನಲ್ಲಿ ಕತ್ತು ಅಲ್ಲಾಡುತ್ತದೆ. ನನ್ನ ಎರಡೂ ಕೆನ್ನೆ ಹಿಡಿದು ಮೂರು ಸಲ ಮುತ್ತಿಟ್ಟ. ಆಮೇಲೆ ಸೈಡ್‌ಕಾರಿನೊಳಗೆ ಬಗ್ಗಿ ನೋಡಿದ.

"ಸ್ಲಾವಕ್ಕೆ ಆಲೂಗಡ್ಡೆ ತಂದ ಕುಮನ್ನ ಇವತ್ತೇ ನೋಡಿದ್ದು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಇದ್ದಕ್ಕಿದ್ದಂತೆ ಅವನ ಮುಖ ಇಳಿಯಿತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ನಿನ್ನನ್ನ ಯಾರಾದ್ರೂ ಕರೆದ್ರಾ?"

ಸ್ತೋಯಾ ಬಾಗಿಲಲ್ಲಿ ಹಬ್ಬದ ಪ್ರಸಾದದ ಗೋಧಿಯ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯ ಮೇಲಿನ ಚಮಚ ಅಲುಗುತ್ತಿತ್ತು.

"ಯಾರೂ ಇಲ್ಲ. ಸ್ಲಾವಕ್ಕೆ ಯಾರಾದ್ರೂ ಕರೀತಾರಾ?"

ಅವನು ಹೆಂಡತಿಯತ್ತ ತಿರುಗಿದ. "ನೋಡಿದ್ಯಾ? ನಾನು ಹೇಳಲಿಲ್ವಾ? ಕರೀದೇ ಬಂದ!" ಹಾಗೆಂದು ಬಂದವರಿಗೆಲ್ಲ ಹೇಳಿದ. ಇನ್ನೂ ಹೇಳುತ್ತಿದ್ದಾನೆ, ಗೋಡೆಯಾಚೆ ಕೇಳಿಸುತ್ತಿದೆ.

ಜನವರಿ ೧೦, ಬೆಳಿಗ್ಗೆ ೯

ಯಾಗೋದಾಗೆ ಫೋನ್ ಮಾಡಿದೆ. "ಆಲೂಗಡ್ಡೆ ಹೇಗಿದೆ?" ಎಂದಳು.

ಇವತ್ತು ಸಾವೋಗೆ ನಿನ್ನೆಯದು ಒಂದೂ ನೆನಪಿಲ್ಲ. ಎಂಟು ಗಂಟೆಗೆ ಅಂಗಳಕ್ಕೆ ಹೋದವನು ಕೂಗಲು ಶುರುಮಾಡಿದ. ಓಡಿದೆ. ಹಬ್ಬದ ಎರಡನೇ ದಿನ, ಅಕ್ಕಪಕ್ಕದವರು ನಾಲ್ಕೈದು ಮಂದಿ ಕಾಫಿಗೆ ಬಂದಿದ್ದರು, ಪಾದ್ರಿಯೂ ಇದ್ದ. ಅವರೆಲ್ಲರ ಎದುರು ಅದೇ ಬೆರಳು.

"ಇವನೇ! ನನ್ನ ಗಾಡಿ ಕದ್ದ ಕಳ್ಳ ಇವನೇ!"

ರಕ್ತ ತಲೆಗೇರಿತು. ಎಂಟು ತಿಂಗಳು ನುಂಗಿಕೊಂಡದ್ದೆಲ್ಲ ನಾಲಿಗೆಗೆ ಬಂತು. ನೀನೇ ಕೊಟ್ಟೆ, ನಿನ್ನ ಕೈಯಾರೆ ಕೊಟ್ಟೆ, ದೇವರ ಸಾಕ್ಷಿ — ಇಷ್ಟೇ ಹೇಳಬೇಕಿತ್ತು. ಅವನ ಬೆರಳು ನೋಡಿದೆ. ನಡುಗುತ್ತಿತ್ತು. ನನಗಿಂತ ಹೆಚ್ಚು ಹೆದರಿದ್ದ.

"ಹೌದು ಕುಮಾ" ಅಂದೆ. "ನಾನೇ ಕದ್ದೆ. ತಂದಿದ್ದೀನಿ. ಕ್ಷಮಿಸು."

ಕೀ ಅವನ ಅಂಗೈಯಲ್ಲಿಟ್ಟೆ. ಬಹಳ ಹೊತ್ತು ನೋಡಿದ, ಕೀಯನ್ನೂ, ನನ್ನನ್ನೂ.

"ಸರಿ ಬಿಡು. ತಂದುಕೊಟ್ಟೆಯಲ್ಲ. ಈ ಹಿಮದಲ್ಲಿ ಘಾಟಿ ಹೇಗೆ ಇಳಿಸಿದೆ?"

"ಮುಂದಿನ ಬ್ರೇಕ್ ಮುಟ್ಟದೆ."

"ಭಲೇ! ಯಾರು ಕಲಿಸಿದ್ದು?"

"ಒಬ್ಬ ಕುಮ ಇದ್ದಾನೆ."

"ಒಳ್ಳೆಯವನು ಅಂತ ಕಾಣುತ್ತೆ" ಎಂದ. ಪಾದ್ರಿ ಆ ಕಡೆ ತಿರುಗಿ ಮೂಗು ಒರೆಸಿಕೊಂಡ. ನನಗೆ ಅಳು ಬಂತು, ತಡೆಯಲಿಲ್ಲ.

ಆಮೇಲೆ ಸಾವೋ ಒಳಗೆ ಹೋಗಿ ತುಪ್ಪಳದ ಟೋಪಿ ಹಾಕಿಕೊಂಡು ಬಂದ. ಕೀಯನ್ನು ನನ್ನ ಕೈಗೇ ವಾಪಸ್ ತುರುಕಿದ. "ಕಣ್ಣು ಮಂಜು. ನೀನು ಓಡಿಸು. ನಮ್ಮ ಶಿಫ್ಟ್ ಅಲ್ವಾ, ರಾತ್ರಿಯೆಲ್ಲ ಹಿಮ ಬಿದ್ದಿದೆ." ಆಲೂಗಡ್ಡೆ ಮೂಟೆ ಇದ್ದ ಜಾಗದಲ್ಲಿ ಹೋಗಿ ಕೂತ, ಮೊಣಕಾಲ ಮೇಲೆ ಸಲಿಕೆ. ಸ್ತೋಯಾ ನನ್ನ ಮುಖ ನೋಡಿದಳು. ಗೇಟಿನವರೆಗೆ, ಹೆಚ್ಚೆಂದರೆ ಚರ್ಚಿನವರೆಗೆ, ಮೆಲ್ಲಗೆ ಒಂದು ಸುತ್ತು ಎಂದೆ. ಅವಳೇ ಅವನ ಕಾಲಿಗೆ ಕಂಬಳಿ ಸುತ್ತಿದಳು.

ಆಯಿಲ್ ಅವಳ ಒಲೆಯ ಮೇಲಿದೆ, ಇನ್ನೂ ಬಿಸಿಯಾಗಿಲ್ಲ. ಅಷ್ಟರಲ್ಲಿ ಇಷ್ಟು ಬರೆದೆ. ಕಿಟಕಿಯಿಂದ ಟೋಪಿ ಕಾಣುತ್ತಿದೆ. ಸಲಿಕೆಯಿಂದ ತಗಡು ಬಡಿಯುತ್ತಿದ್ದಾನೆ, ಊರೆಲ್ಲ ಕೇಳುವ ಹಾಗೆ.

"ಓಬ್ರಾದ್! ಏ ಕುಮಾ! ಎಲ್ಲಿ ಸತ್ತೆ?"

ಬಂದೆ ಮಾರಾಯ, ಬಂದೆ, ಆಯಿಲ್ ಒಂದು —