ಕೆಂಪು ಬಕೆಟ್ಟಿಲ್ಲದ ಬೀದಿ

ಮಾರ್ಚ್ ೧೧, ಮಂಗಳವಾರ

ಫೋಟೋಗ್ರಫಿ ಪಠ್ಯಪುಸ್ತಕದ ಕರಡಚ್ಚು ಬಂತು. ನನ್ನ ಪಾಠದ ಫೋಟೋದಲ್ಲಿ ಬಕೆಟ್ಟೇ ಇಲ್ಲ. ನಾನು ಕಳಿಸಿದ್ದರಲ್ಲಿ ಇದ್ದದ್ದು ಸಾಲಾಗಿ ಒಂಬತ್ತು ಅಂಗಡಿಗಳ ಬೂದು ಶಟರ್‌ಗಳು, ಏಳನೆಯದರ ಮುಂದೆ ಯಾರೋ ಇಟ್ಟುಹೋದ ಕೆಂಪು ಬಕೆಟ್. ನಾಲ್ಕು ದಿನ ಬೆಳಗ್ಗೆ ಆ ಬೀದಿಗೆ ಹೋಗಿ ತೆಗೆದದ್ದು. ಈಗ ಶಟರ್‌ಗಳಷ್ಟೇ ಉಳಿದಿವೆ. ಕೆಳಗೆ ನನ್ನ ವಾಕ್ಯ ಮಾತ್ರ ಹಾಗೆಯೇ ಇದೆ: ‘ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ, ಗಮನಿಸಿ.’

ಸಂಪಾದಕರಿಗೆ ಫೋನ್ ಮಾಡಿದೆ.

“ಗಲೀಜಾಗಿ ಕಾಣ್ತಿತ್ತು ಮೇಡಂ. ನಮ್ಮ ಆರ್ಟಿಸ್ಟು ನೀಟಾಗಿ ಅಳಿಸಿದ್ದಾರೆ.”

“ಪಾಠಾನೇ ಅಳಿಸಿದ್ದಾರೆ ಸಾರ್.”

“ಒಂದು ಬಕೆಟ್‌ಗೆ ಇಷ್ಟು ಹಟನಾ?”

“ಹಟಾನೇ. ಅದು ಬರದಿದ್ರೆ ನನ್ನ ಪಾಠಾನೂ ತೆಗೀರಿ.”

ಅಕ್ಕ ಅಡುಗೆಮನೆಯಿಂದಲೇ, “ಇಷ್ಟು ವರ್ಷಕ್ಕೆ ಒಂದು ಪುಸ್ತಕ ಬರ್ತಿತ್ತು, ಅದನ್ನೂ ಕೆಡಿಸ್ಕೊಂಡ್ಯಲ್ಲೇ” ಅಂದಳು.

ಕೆಡಿಸಿಕೊಂಡೆ. ಹೆಸರನ್ನು ಅಚ್ಚಿನಲ್ಲಿ ನೋಡುವ ಆಸೆ ಈ ವಯಸ್ಸಿನಲ್ಲೂ ಹೋಗಿಲ್ಲ, ಸುಳ್ಳೇಕೆ ಬರೆಯಲಿ. ಆದರೆ ಯಾರೂ ಬದುಕದಂತೆ ತೊಳೆದಿಟ್ಟ ಬೀದಿಯ ಕೆಳಗೆ ಆ ಹೆಸರು ಬೇಡ. ನಾಳೆ ವಿದ್ಯಾರ್ಥಿಗಳನ್ನು ಕ್ಯಾಮೆರಾ ಕೊಟ್ಟು ಹೊರಗೆ ಕಳಿಸುತ್ತೇನೆ. ಯಾವುದನ್ನು ಅಳಿಸಿಬಿಡೋಣ ಅನ್ನಿಸುತ್ತದೋ, ಅದರ ಎದುರಿಗೇ ಹೋಗಿ ನಿಲ್ಲಿ, ಅದರ ಫೋಟೋ ಇಲ್ಲದೆ ಹಿಂತಿರುಗಬೇಡಿ ಎಂದು ಹೇಳುತ್ತೇನೆ.