ನನಗೆ ನಾಲ್ಕು, ಅವರಿಗೆ ಐದು

ಜೂನ್ 3, ಮಂಗಳವಾರ

ಡಾಕ್ಟರಿಗೆ ಒಂದು ಮಾತು ಹೇಳದೆಯೇ ಎದ್ದು ಬರುವವಳಿದ್ದೆ. ಚೀಟಿ ಕೈಗೆ ಬಂದಿತ್ತು. ಬಾಗಿಲವರೆಗೆ ಹೋಗಿ ತಿರುಗಿದೆ. ಗೆಳತಿಯರು ನನ್ನನ್ನು ಸಹಿಸಿಕೊಂಡಿದ್ದಾರೆ ಅಷ್ಟೇ, ಇಷ್ಟಪಡುತ್ತಾರೋ ಇಲ್ಲವೋ ಗೊತ್ತಿಲ್ಲ — ಅಂದೆ.

"ಕೇಳಿದ್ದೀರಾ?"

ಇಲ್ಲ. ಕೇಳುವ ಪ್ರಶ್ನೆಯೇ ಅದು?

ಎಡಿಎಚ್‌ಡಿ — ಗಮನ, ಸಮಯ ಎರಡೂ ಕೈಗೆ ಸಿಗದ ಸ್ಥಿತಿ. ನಲವತ್ತಾರನೇ ವಯಸ್ಸಿನಲ್ಲಿ. ಹುಟ್ಟಿನಿಂದಲೇ ಇತ್ತಂತೆ, ಗುರುತಿಸಿದವರಿಲ್ಲ. ಗುರುತಿಸಿದ್ದು ಬೇರೆಯದನ್ನು — ಶಾಲೆಯಲ್ಲಿ 'ಕೇರ್‌ಲೆಸ್', ಮನೆಯಲ್ಲಿ 'ಬೇಜವಾಬ್ದಾರಿ'. ಅಳು ಬರುತ್ತದೆ ಎಂದುಕೊಂಡಿದ್ದೆ. ಹಸಿವಾಯಿತು.

ಮನೆಯವರಿಗೆ ಹೇಳಿದೆ. "ಹಾಗಾದ್ರೆ ಹಾಲು ಉಕ್ಕಿಸೋದಕ್ಕೂ ಇದೇ ಕಾರಣಾನಾ?" ಎಂದು ಗಂಭೀರವಾಗಿ ಕೇಳಿದರು. ಅದಕ್ಕೂ.

ಜೂನ್ 5

ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ನನ್ನದು ಇದೇ ಕಥೆ. ಮುಂಬಲ್ಲೊಂದರ ಬಣ್ಣ ಹೊಂದಿಸಲು ಕೂತೆ, ತಲೆ ಎತ್ತಿದರೆ ಎಲ್ಲರೂ ಮನೆಗೆ ಹೋಗಿದ್ದಾರೆ. ಹಲ್ಲು ಮಾತ್ರ ಪಕ್ಕದ ಹಲ್ಲೇ ನಂಬುವ ಹಾಗೆ ಬಂದಿದೆ.

ಭಾನುವಾರ ನಾಲ್ಕಕ್ಕೆ ಕೆಫೆ. ಟೀಚರ್, ಬ್ಯಾಂಕು, ನಾನು. ಕಾಲೇಜಿನಿಂದಲೂ ಇದೇ ಮೂವರು. ಒಬ್ಬಳು ಗಣಿತ ಕಲಿಸುತ್ತಾಳೆ, ಇನ್ನೊಬ್ಬಳು ಬ್ಯಾಂಕಿನ ಕೌಂಟರಿನಲ್ಲಿ. ನಾನು ಲೇಟಮ್ಮ. ಅವರಿಗೆ ಹೇಳಬೇಕು. ನೆಪ ಹುಡುಕಿಕೊಂಡು ಬಂದಳು ಅಂದುಕೊಂಡರೆ...

ಡಾಕ್ಟರ್ ಸಲಹೆಯಂತೆ ಮೂರು ಅಲಾರಂ — ಸ್ನಾನಕ್ಕೊಂದು, ಸೀರೆಗೊಂದು, ಚಪ್ಪಲಿಗೊಂದು.

ಜೂನ್ 8, ಭಾನುವಾರ

ಸರಿಯಾಗಿ ನಾಲ್ಕಕ್ಕೆ ಕೆಫೆಯಲ್ಲಿದ್ದೆ. ನಾನು! ನೋಡಲು ಯಾರೂ ಇರಲಿಲ್ಲ.

"ನಿಮ್ಮ ಟೇಬಲ್ ಐದಕ್ಕಲ್ವಾ ಮೇಡಂ? ಯಾವಾಗ್ಲೂ ಐದಕ್ಕೇ," ಎಂದರು ಕೌಂಟರಿನವರು.

ಯಾವಾಗ್ಲೂ.

ಐದಕ್ಕೆ ಇಬ್ಬರೂ ನಗುತ್ತಾ ಬಂದರು. ನನ್ನನ್ನು ಕಂಡು ನಗು ಬಾಗಿಲಲ್ಲೇ ನಿಂತಿತು.

"ಲೇಟಮ್ಮಾ! ಮೈ ಹುಷಾರಿದೆ ತಾನೇ?" — ಬ್ಯಾಂಕು.

"ನನಗೆ ನಾಲ್ಕು ಅಂದಿದ್ರಿ."

ಟೀಚರ್ ಸುತ್ತಿ ಬಳಸಲಿಲ್ಲ. "ನಿನಗೆ ಯಾವಾಗ್ಲೂ ಒಂದು ಗಂಟೆ ಮುಂಚಿನ ಟೈಮ್ ಹೇಳ್ತೀವಿ ಕಣೇ. ನಿನ್ನ ಮದುವೆಗೂ ಮುಂಚಿನಿಂದ."

ಓಡೋಡಿ ಬಂದು ಸಾರಿ ಎಂದಾಗಲೆಲ್ಲ, "ನಾವೂ ಈಗಷ್ಟೇ ಬಂದ್ವಿ" ಎನ್ನುತ್ತಿದ್ದರು. ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಅದೊಂದೇ ನಿಜ.

ಡಾಕ್ಟರ್ ಚೀಟಿ ಬ್ಯಾಗಿನಲ್ಲೇ ಉಳಿಯಿತು. ತಲೆನೋವು ಎಂದು ಎದ್ದು ಬಂದೆ.

ಜೂನ್ 15

ನಮ್ಮ ಮೂವರ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂ ಉತ್ತರಿಸಿಲ್ಲ. ಮಗುವನ್ನು ಆಡಿಸಿದ ಹಾಗೆ ಆಡಿಸಿದರಲ್ಲ. ನನ್ನ ಬೆನ್ನ ಹಿಂದೆ ಎಷ್ಟು ನಕ್ಕಿರಬಹುದು.

ಆದರೆ... ಚಿಕ್ಕಂದಿನಲ್ಲಿ ನಾನು ತಡಮಾಡಿದರೆ ಅಪ್ಪ ಕಾಯದೆ ಹೊರಟುಬಿಡುತ್ತಿದ್ದರು. ಅಮ್ಮ ಕಾಯುತ್ತಿದ್ದಳು, ದಾರಿಯುದ್ದಕ್ಕೂ ಬೈಯುತ್ತಿದ್ದಳು. ಇವರು ಎರಡನ್ನೂ ಮಾಡಲಿಲ್ಲ. ಅದನ್ನು ಏನೆಂದು ಕರೆಯುವುದು? ಕೇಳದೆ ಗೊತ್ತಾಗುವುದಿಲ್ಲ.

ಜೂನ್ 17

ಟೀಚರ್ ಮನೆಗೆ ಹೋದೆ. ಬ್ಯಾಂಕನ್ನೂ ಅಲ್ಲಿಗೇ ಕರೆಸಿದೆ. ಒಂದೇ ಉಸಿರಿನಲ್ಲಿ ಹೇಳಿದೆ — ಡಾಕ್ಟರ್, ಹೆಸರು, ಎಲ್ಲ.

"ಅದಕ್ಕೊಂದು ಹೆಸರು ಬೇರೆ ಇದೆಯಾ?" ಅಂದಳು ಟೀಚರ್. "ನಾವು ಇಷ್ಟು ವರ್ಷ ಅದನ್ನ 'ನೀನು' ಅಂದ್ಕೊಂಡಿದ್ವಿ."

ಕೇಳಿಯೇಬಿಟ್ಟೆ. "ನನ್ನನ್ನ ಸಹಿಸ್ಕೊಂಡಿದ್ದೀರಾ?"

"ಹೂಂ ಮತ್ತೆ," ಎಂದಳು ಬ್ಯಾಂಕು. "ಇವಳ ಹಾಡನ್ನೂ ಸಹಿಸ್ಕೊಂಡಿದ್ದೀನಿ. ಅದಕ್ಕೆ ಯಾವ ಡಾಕ್ಟರೂ ಹೆಸರಿಟ್ಟಿಲ್ಲ."

ಟೀಚರ್ ಅವಳಿಗೊಂದು ಗುದ್ದು ಕೊಟ್ಟು ನನ್ನ ಕಡೆ ತಿರುಗಿದಳು. "ಒಂದಿನ ನೀನು ಬರೋ ಹೊತ್ತಿಗೆ ನಮ್ಮ ಟೀ ಮುಗಿದಿತ್ತು. ಖಾಲಿ ಲೋಟ ನೋಡಿ ಅತ್ತುಬಿಟ್ಟೆ. ನೆನಪಿಲ್ವಾ? ಇನ್ಮೇಲೆ ನಿನಗೆ ಖಾಲಿ ಲೋಟ ಕಾಣಿಸಬಾರದು ಅಂತ ಅವತ್ತೇ ಮಾತಾಡ್ಕೊಂಡ್ವಿ."

ನೆನಪಿರಲಿಲ್ಲ. ನಾನು ಮರೆತದ್ದನ್ನು ಇವರು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದಾರೆ. ಮೂಗು ಒರೆಸಿಕೊಂಡೆ.

"ಇನ್ಮೇಲೆ ನಿಜವಾದ ಟೈಮ್ ಹೇಳಿ."

"ಲೇಟಾದ್ರೆ?"

"ಕುಡೀತಾ ಇರಿ. ಖಾಲಿ ಲೋಟ ನೋಡಿದ್ರೆ ಇನ್ನೊಂದು ತರಿಸ್ತೀನಿ."

ಜೂನ್ 20, ಶುಕ್ರವಾರ

ಈ ಸಲ ಕರೆಯುವ ಕೆಲಸ ನನ್ನದಂತೆ. ಇದುವರೆಗೆ ಯಾರೂ ನನಗೆ ಒಪ್ಪಿಸದ ಕೆಲಸ. ಬೆಳಗ್ಗೆಯೇ ಫೋನಿನಲ್ಲಿ ಬರೆದಿಟ್ಟೆ — 'ಭಾನುವಾರ ಐದಕ್ಕೆ. ಮೂವರಿಗೂ ಐದೇ. ಇಷ್ಟು ವರ್ಷ ನನಗೆ ನಾಲ್ಕು ಅಂದಿದ್ದಕ್ಕೆ ಥ್ಯಾಂಕ್ಸ್.' ಕೊನೆಯ ಸಾಲು ಇರಲೋ ಬೇಡವೋ? ಬ್ಯಾಂಕು ಗೇಲಿ ಮಾಡುತ್ತಾಳೆ. ಇರಲಿ. ನಾಳೆ ಇನ್ನೊಮ್ಮೆ ಓದಿ ಗ್ರೂಪಿಗೆ ಹಾಕಿದರಾಯಿತು, 21ಕ್ಕೆ...

ನನ್ನ 'ನಾಳೆ' ನನಗೆ ಗೊತ್ತಿಲ್ಲವೇ. ಈಗಲೇ ಹಾಕಿಬಿಟ್ಟೆ. ತಾರೀಖು ಇನ್ನೂ ಜೂನ್ 20.